ಪಕ್ಕದ ದೇಶದ ಯುದ್ಧ ನಮ್ಮ ಕಡೆಗೆ ಹೇಗೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನಿಗೆ ಪ್ರಶ್ನೆಗಳು ತರಗತಿಯಲ್ಲಿ ಮಾತ್ರ ಬರುವುದಿಲ್ಲ. ಬೇಲೂರಿನ ಬಸ್ಸಲ್ಲಿ, ಮೂಡಿಗೆರೆ ಕಡೆಯ ಮದುವೆ ಮನೆಯಲ್ಲಿ, ಗ್ರಂಥಾಲಯದ ಮಾತುಕತೆ ಮುಗಿದ ಮೇಲೆ, ಹಳೆಯ ವಿದ್ಯಾರ್ಥಿಗಳು ಬರೆಯುವ ಕಾಗದಗಳಲ್ಲಿ ಬರುತ್ತವೆ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಹೊಡೆದಾಡಿದ ಮೇಲೆ ಜಾಸ್ತಿಯಾದವು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಅರ್ಥವಾಗುವಂತೆ ಉತ್ತರ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಗಡಿಯಲ್ಲಿ ಯಾವಾಗಲೂ ಗುಂಡು ಹಾರ್ತಾನೇ ಇರುತ್ತೆ. ಯಾವಾಗ ಅದನ್ನ ಯುದ್ಧ ಅನ್ನೋದು?

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಜಗತ್ತಿನ ಹೋರಾಟಗಳ ಲೆಕ್ಕ ಇಡುತ್ತಾರೆ. ಹೋರಾಟದಲ್ಲಿ ವರ್ಷಕ್ಕೆ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ, 1000 ದಾಟಿದರೆ ಯುದ್ಧ. ಇದು ಲೆಕ್ಕ ಇಡುವವರ ಅನುಕೂಲಕ್ಕೆ ಎಳೆದ ಗೆರೆ. ಗಡಿ ಪಕ್ಕದ ಹಳ್ಳಿಯಲ್ಲಿ ಮನೆ ಮೇಲೆ ಶೆಲ್ ಬಿದ್ದವನಿಗೆ ಈ ಸಂಖ್ಯೆಯಿಂದ ಏನೂ ಆಗಬೇಕಿಲ್ಲ.

ಯುದ್ಧ 'ಹಬ್ಬಿತು' ಎಂದರೆ ಮೂರು ಬೇರೆ ಸಂಗತಿಗಳಿರಬಹುದು. ಹೊಸ ದೇಶ ಸೇರಿಕೊಳ್ಳಬಹುದು. ಅದೇ ಇಬ್ಬರು ಹೊಸ ಜಾಗದಲ್ಲಿ ಹೊಡೆದಾಡಬಹುದು. ಇಲ್ಲವೇ ಬಂದೂಕಿನಲ್ಲಿ ಶುರುವಾದದ್ದು ಕ್ಷಿಪಣಿಗೆ ಏರಬಹುದು. ಸುದ್ದಿಯಲ್ಲಿ ಇವು ಮೂರೂ ಕಲಸಿಹೋಗುತ್ತವೆ. ಬಿಡಿಸಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

ಯುದ್ಧ ಕಾಳ್ಗಿಚ್ಚಿನ ಥರ ತಾನಾಗೇ ಹಬ್ಬುತ್ತಾ ಮೇಷ್ಟ್ರೇ?

ಚಿಕ್ಕಮಗಳೂರಿನ ಹುಡುಗನೊಬ್ಬ ಕೇಳಿದ್ದು. ಬೇಸಿಗೆ ಬಂದರೆ ಗಿರಿಶ್ರೇಣಿಯಲ್ಲಿ ಬೆಂಕಿ ಏಳುವುದನ್ನು ಅವನು ಕಂಡಿದ್ದಾನೆ. ಒಣಗಿದ ಹುಲ್ಲು, ಗಾಳಿ, ಒಂದು ಕಿಡಿ. ಹೋಲಿಕೆ ಅರ್ಧ ಸರಿ. ಯುದ್ಧಕ್ಕೂ ಒಣಗಿದ ಹುಲ್ಲು ಬೇಕು: ಹಳೆಯ ದ್ವೇಷ, ಬಗೆಹರಿಯದ ಗಡಿ, ಕೈಗೆ ಸುಲಭವಾಗಿ ಸಿಗುವ ಆಯುಧ. ಆದರೆ ಬೆಂಕಿ ಯೋಚನೆ ಮಾಡುವುದಿಲ್ಲ. ಯುದ್ಧ ಒಂದು ದೇಶದಿಂದ ಇನ್ನೊಂದಕ್ಕೆ ದಾಟುವಾಗ ಪ್ರತಿ ಸಲವೂ ಯಾರೋ ಒಬ್ಬರು ಕಾಗದಕ್ಕೆ ಸಹಿ ಹಾಕಿರುತ್ತಾರೆ.

1914ರ ಮೊದಲ ಮಹಾಯುದ್ಧವನ್ನೇ ನೋಡಿ. ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು. ಸರ್ಬಿಯಾಕ್ಕೆ ಆಸ್ಟ್ರಿಯಾದ ಗಡುವಿನ ಪತ್ರ ಹೋದದ್ದು ಜುಲೈ 23ಕ್ಕೆ. ನಡುವೆ ಮೂರು ವಾರಕ್ಕೂ ಜಾಸ್ತಿ ಸಮಯವಿತ್ತು. ಜುಲೈ 28ಕ್ಕೆ ಯುದ್ಧ ಘೋಷಣೆ, 30ಕ್ಕೆ ರಷ್ಯಾದ ಸೈನ್ಯ ಜಮಾವಣೆಗೆ ಆದೇಶ. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸ್ ಮೇಲೆ ಯುದ್ಧ ಸಾರಿತು. 4ಕ್ಕೆ ಬೆಲ್ಜಿಯಂಗೆ ನುಗ್ಗಿತು, ಅದೇ ದಿನ ಬ್ರಿಟನ್ ಇಳಿಯಿತು. ಎಲ್ಲ ತಾನಾಗಿ ಉರುಳಿಹೋಯಿತು ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ ಅಲ್ವಾ? ಆದರೆ ಇಟಲಿ 1882ರಿಂದ ಜರ್ಮನಿ, ಆಸ್ಟ್ರಿಯಾಗಳ ಜೊತೆ ಒಪ್ಪಂದದಲ್ಲಿತ್ತು. ಅದೇ ವಾರ 'ನಾವು ಬರುವುದಿಲ್ಲ' ಎಂದು ಹೊರಗುಳಿಯಿತು. ಮರುವರ್ಷ ಎದುರು ಪಕ್ಷಕ್ಕೇ ಸೇರಿತು. ಅಂದರೆ ಬರುವುದಿಲ್ಲ ಎನ್ನುವ ದಾರಿ ಎಲ್ಲರಿಗೂ ಇತ್ತು.

ಆ ಯುದ್ಧ ನಮ್ಮ ತನಕವೂ ಬಂತು. ಹಾಸನ, ಕಡೂರು ಜಿಲ್ಲೆಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ಸರಾಯೆವೋ ಎಲ್ಲಿ, ಮೈಸೂರು ಎಲ್ಲಿ!

ಕಾವೇರಿ, ಹೇಮಾವತಿ ನೀರಿಗೆ ನಾವೂ ತಮಿಳುನಾಡೂ ಇಷ್ಟು ವರ್ಷ ಕಿತ್ತಾಡಿದ್ವಿ. ಯುದ್ಧ ಆಗಲಿಲ್ಲ. ದೇಶಗಳಿಗೆ ಮಾತ್ರ ಯಾಕೆ ಆಗುತ್ತೆ?

ಗೊರೂರು ನಾಲೆ ಬಯಲಿನ ರೈತರೊಬ್ಬರು ಕೇಳಿದ್ದು. ಇಡೀ ವಿಷಯದ ಬುಡ ಈ ಪ್ರಶ್ನೆಯಲ್ಲಿದೆ. ನಮ್ಮಲ್ಲೂ ಬಸ್ಸುಗಳು ಉರಿದಿವೆ, ಜೀವಗಳು ಹೋಗಿವೆ. ಆದರೆ 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ನಮಗೆ ಒಪ್ಪಿಗೆ ಇರಲಿ ಬಿಡಲಿ, ಮೇಲೆ ಹೇಳುವವರು ಒಬ್ಬರಿದ್ದಾರೆ. ಎರಡೂ ರಾಜ್ಯಗಳಿಗೆ ಸ್ವಂತ ಸೈನ್ಯ ಇಲ್ಲ.

ದೇಶಗಳ ಮೇಲೆ ಹಾಗೆ ಹೇಳುವವರು ಇಲ್ಲ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಎರಡೂ ಕಡೆಯವರು ಒಪ್ಪಿದರೆ ಮಾತ್ರ ವಿಚಾರಣೆ ಮಾಡಬಲ್ಲದು. ಹಾಗಾಗಿ ಪ್ರತಿ ದೇಶವೂ ತನ್ನ ರಕ್ಷಣೆಗೆ ತಾನೇ ಸೈನ್ಯ ಕಟ್ಟುತ್ತದೆ. ಅದನ್ನು ಕಂಡು ಪಕ್ಕದವನಿಗೆ ಭಯವಾಗುತ್ತದೆ, ಅವನೂ ಕಟ್ಟುತ್ತಾನೆ. ಇಬ್ಬರಿಗೂ ಯುದ್ಧ ಬೇಡವಾಗಿದ್ದರೂ ಇಬ್ಬರೂ ಅದಕ್ಕೆ ಹತ್ತಿರವಾಗುತ್ತಾರೆ.

ನೀರಿಗೇ ಯುದ್ಧವಾಗುತ್ತದೆ ಎಂದು ಹೇಳುವವರು ಸಿಂಧೂ ಒಪ್ಪಂದವನ್ನು ನೋಡಬೇಕು. 1960ರಲ್ಲಿ ಆದದ್ದು. 1965, 1971, 1999ರ ಯುದ್ಧಗಳ ನಡುವೆಯೂ ಉಳಿಯಿತು. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಅದನ್ನು ಅಮಾನತಿನಲ್ಲಿಟ್ಟಿತು.

ಎಲ್ಲ ಯುದ್ಧಗಳೂ ಹಬ್ಬುತ್ತವಾ?

ಇಲ್ಲ. ಬಹಳಷ್ಟು ಯುದ್ಧಗಳು ಶುರು ಮಾಡಿದ ಇಬ್ಬರ ನಡುವೆಯೇ ಮುಗಿಯುತ್ತವೆ. 1982ರ ಫಾಕ್ಲೆಂಡ್ ಯುದ್ಧ ಬ್ರಿಟನ್, ಅರ್ಜೆಂಟೀನಾಗಳ ಮಧ್ಯೆಯೇ ಮುಗಿಯಿತು. 1998ರಿಂದ 2000ದ ತನಕ ಇಥಿಯೋಪಿಯಾ, ಎರಿಟ್ರಿಯಾ ಹತ್ತಾರು ಸಾವಿರ ಜನರನ್ನು ಕಳೆದುಕೊಂಡವು, ನೆರೆಯ ದೇಶಗಳು ಅದರಲ್ಲಿ ಇಳಿಯಲಿಲ್ಲ. ನಮಗೆ ನೆನಪಿರುವುದು ಹಬ್ಬಿದವು ಮಾತ್ರ.

## ಹಬ್ಬುವ ದಾರಿಗಳು

ಒಬ್ಬರಿಗೊಬ್ಬರು ಆಗ್ತೀವಿ ಅಂತ ಒಪ್ಪಂದ ಮಾಡ್ಕೊಂಡ್ರೆ ಯುದ್ಧ ಕಡಿಮೆ ಆಗಬೇಕಲ್ವಾ?

ಎರಡೂ ಆಗುತ್ತದೆ. ಒಪ್ಪಂದ ಹೆದರಿಸಿ ಯುದ್ಧ ತಡೆಯಬಹುದು. ತಡೆಯಲಾಗದಿದ್ದರೆ ಇಬ್ಬರ ಜಗಳವನ್ನು ನಾಲ್ವರದ್ದು ಮಾಡುತ್ತದೆ. ಇದಕ್ಕೆ ಯುರೋಪಿಗೆ ಹೋಗಬೇಕಿಲ್ಲ, ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋದರೆ ಸಾಕು. ಎಂಟು ಮೂಲೆಯ ನಕ್ಷತ್ರದ ಆಕಾರ ಎಂದು ಎಲ್ಲರೂ ಮೇಲಿನಿಂದ ಫೋಟೋ ತೆಗೆಯುತ್ತಾರೆ. ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿ ಮುಗಿಸಿದ್ದು 1792ರಲ್ಲಿ. ಅದೇ ವರ್ಷ ಅವನು ಅರ್ಧ ರಾಜ್ಯ ಕಳೆದುಕೊಂಡ.

ಶುರುವಾದದ್ದು ತಿರುವಾಂಕೂರಿನಿಂದ. ಅಲ್ಲಿನ ರಾಜ 1789ರಲ್ಲಿ ಡಚ್ಚರಿಂದ ಎರಡು ಕೋಟೆ ಕೊಂಡ. ಅವು ತನ್ನ ಅಧೀನದ ಕೊಚ್ಚಿಗೆ ಸೇರಿದವು ಎಂದು ಟಿಪ್ಪುವಿನ ವಾದ. ಆ ವರ್ಷದ ಕೊನೆಗೆ ತಿರುವಾಂಕೂರಿನ ಗಡಿ ಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಇಂಗ್ಲಿಷರ ಮಿತ್ರ ರಾಜ್ಯ. ಇಂಗ್ಲಿಷರು ಇಳಿದರು. ಅವರ ಜೊತೆ ನಿಜಾಮನೂ ಮರಾಠರೂ ಸೇರಿದರು. ಈ ಇಬ್ಬರಿಗೂ ತಿರುವಾಂಕೂರಿನ ಚಿಂತೆ ಇರಲಿಲ್ಲ. ಮೈಸೂರಿಗೆ ಕಳೆದುಕೊಂಡ ಸೀಮೆ ವಾಪಸ್ ಬೇಕಿತ್ತು, ಅಷ್ಟೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು.

ನನ್ನ ವಿದ್ಯಾರ್ಥಿಗಳಿಗೆ ಇಲ್ಲಿ ಎರಡು ಗುಂಪು ಬಿಡಿಸಿ ತೋರಿಸುತ್ತೇನೆ. ಇಂಗ್ಲಿಷರು ಒಪ್ಪಂದದ ಹೆಸರಿನಲ್ಲಿ ಬಂದರು. ನಿಜಾಮ, ಮರಾಠರು ಅವಕಾಶ ಸಿಕ್ಕಿತೆಂದು ಬಂದರು. ಇವತ್ತಿನ ಯುದ್ಧಗಳಲ್ಲೂ ಹೊಸದಾಗಿ ಸೇರುವ ದೇಶ ಈ ಎರಡರಲ್ಲಿ ಯಾವುದು ಎಂದು ಕೇಳಿಕೊಳ್ಳಿ. ಒಪ್ಪಂದಕ್ಕೆ ಬಂದವನಿಗೆ ಮಾನ ಉಳಿಸುವ ದಾರಿ ತೋರಿಸಿದರೆ ಹಿಂದೆ ಸರಿಯಬಹುದು. ಅವಕಾಶಕ್ಕೆ ಬಂದವನು ನಷ್ಟ ಕಂಡರೆ ಮಾತ್ರ ಸರಿಯುತ್ತಾನೆ.

ಹಳೇಬೀಡಿಗೆ ದೆಹಲಿ ಸೈನ್ಯ ಹೇಗೆ ಬಂತು? ಮಧ್ಯೆ ಬೇರೆ ರಾಜ್ಯ ಇದ್ವಲ್ಲ?

ಇದ್ದವು. ಅವುಗಳ ಜಗಳವೇ ದಾರಿ ಮಾಡಿಕೊಟ್ಟಿತು.

ದೇವಗಿರಿಯ ಸೇವುಣರಿಗೂ ದ್ವಾರಸಮುದ್ರದ (ಇಂದಿನ ಹಳೇಬೀಡು) ಹೊಯ್ಸಳರಿಗೂ ತಲೆಮಾರುಗಳ ಹಗೆ. 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮ ನಮ್ಮ ಬೆಳವಾಡಿಯವರೆಗೂ ಬಂದಿದ್ದ. ವೀರನಾರಾಯಣ ದೇವಸ್ಥಾನದ ಅದೇ ಬೆಳವಾಡಿ. ಹೊಯ್ಸಳರು ಅಲ್ಲಿಂದ ಅವನನ್ನು ಹಿಮ್ಮೆಟ್ಟಿಸಿದರು. ಎರಡೂ ಮನೆತನಗಳು ಹೀಗೆ ಒಬ್ಬರನ್ನೊಬ್ಬರು ಸವೆಸುತ್ತಿದ್ದವು. 1296ರಲ್ಲಿ ಅಲಾವುದ್ದೀನ್ ಖಿಲ್ಜಿ ದೇವಗಿರಿಯನ್ನು ಲೂಟಿ ಮಾಡಿದ. ಆಮೇಲೆ ಅವನ ದಂಡನಾಯಕ ಮಲಿಕ್ ಕಾಫರ್ ಬಂದು ರಾಜ ರಾಮಚಂದ್ರನನ್ನು ದೆಹಲಿಗೆ ಒಯ್ದ. ದೆಹಲಿ ಅವನಿಗೆ ಮರ್ಯಾದೆ ಮಾಡಿ ವಾಪಸ್ ಕಳಿಸಿತು. ಅಲ್ಲಿಂದ ಮುಂದೆ ದೇವಗಿರಿ ದೆಹಲಿ ಸೈನ್ಯದ ತಂಗುದಾಣವಾಯಿತು. ಹೊಯ್ಸಳರ ಮೇಲೆ ಹೊರಟಾಗ ಅಲ್ಲಿಂದ ನೆರವೂ ಸಿಕ್ಕಿತು.

1311ರಲ್ಲಿ ಕಾಫರ್ ದ್ವಾರಸಮುದ್ರಕ್ಕೆ ಬಂದಾಗ ಮೂರನೇ ವೀರಬಲ್ಲಾಳ ಊರಲ್ಲಿರಲಿಲ್ಲ. ಪಾಂಡ್ಯ ಅಣ್ಣತಮ್ಮಂದಿರು ಸಿಂಹಾಸನಕ್ಕೆ ಹೊಡೆದಾಡುತ್ತಿದ್ದರು. ಅದರಲ್ಲಿ ತನಗೇನಾದರೂ ಸಿಗಬಹುದೆಂದು ತಮಿಳು ನಾಡಿಗೆ ಹೋಗಿದ್ದ. ಓಡೋಡಿ ಬಂದ, ಸಂಧಿ ಮಾಡಿಕೊಂಡ. ಆಮೇಲೆ ಅದೇ ಸೈನ್ಯಕ್ಕೆ ಪಾಂಡ್ಯ ನಾಡಿನ ದಾರಿ ತೋರಿಸಬೇಕಾಯಿತು. ದೇವಗಿರಿಯವನು ನಮಗೆ ಮಾಡಿದ್ದನ್ನು ನಮ್ಮವನು ಮಧುರೆಗೆ ಮಾಡಿದ.

ಹೊಯ್ಸಳೇಶ್ವರದ ಮುಂದೆ ಮಕ್ಕಳನ್ನು ನಿಲ್ಲಿಸಿ ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಕಾಫರ್ ಕ್ರೂರಿ ಎಂದು ಹೇಳಿ ಮುಗಿಸುವುದು ಸುಲಭ. ನೆರೆಯ ರಾಜ್ಯಗಳು ಒಂದೇ ಒಂದು ಸಲವೂ ಒಟ್ಟಿಗೆ ಕೂತು ಮಾತಾಡಲಿಲ್ಲ ಎನ್ನುವುದನ್ನು ಮಕ್ಕಳು ತಿಳಿಯಬೇಕು.

ನಿರಾಶ್ರಿತರ ಹಿಂದೆ ಯುದ್ಧವೂ ಬರುತ್ತೆ ಅಂತಾರೆ. ನಿಜಾನಾ?

ಈ ಮಾತನ್ನು ಹಾಗೇ ಒಪ್ಪಬೇಡಿ. ಜೀವ ಉಳಿಸಿಕೊಳ್ಳಲು ಓಡಿ ಬಂದವರು ಯುದ್ಧ ತರುವುದಿಲ್ಲ. ಅವರ ನಡುವೆ ಬಂದೂಕು ಹಿಡಿದವರನ್ನು ಬಿಟ್ಟುಕೊಂಡರೆ, ಅಥವಾ ಓಡಿಸಿದ ದೇಶ ಓಡಿಸುವುದನ್ನು ನಿಲ್ಲಿಸದಿದ್ದರೆ ಯುದ್ಧ ಬರುತ್ತದೆ.

1994ರ ನರಮೇಧದ ನಂತರ ರುವಾಂಡಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಗಿನ ಝೈರ್, ಈಗಿನ ಕಾಂಗೋಗೆ ಹೋದರು. ಅವರೊಳಗೆ ನರಮೇಧ ಮಾಡಿದ ಸೈನಿಕರೂ ಇದ್ದರು. ಶಿಬಿರಗಳ ಯಜಮಾನಿಕೆ ಅವರ ಕೈಗೆ ಹೋಯಿತು. ಅಲ್ಲಿಂದಲೇ ರುವಾಂಡಾ ಮೇಲೆ ದಾಳಿ ಶುರು ಮಾಡಿದರು. 1996ರಲ್ಲಿ ರುವಾಂಡಾ ಗಡಿ ದಾಟಿತು, 1997ರಲ್ಲಿ ಝೈರಿನ ಮೊಬುಟು ಸರ್ಕಾರ ಬಿತ್ತು. 1998ರ ಎರಡನೇ ಯುದ್ಧದಲ್ಲಿ ಒಂದು ಕಡೆ ರುವಾಂಡಾ, ಉಗಾಂಡಾ, ಇನ್ನೊಂದು ಕಡೆ ಅಂಗೋಲಾ, ಜಿಂಬಾಬ್ವೆ, ನಮೀಬಿಯಾ. ಅದರ ಬಾಲ ಇನ್ನೂ ಮುಗಿದಿಲ್ಲ. 2025ರ ಜನವರಿಯಲ್ಲಿ ಗೋಮಾ ನಗರ ಮತ್ತೆ ಬಂಡುಕೋರರ ಕೈಗೆ ಹೋಯಿತು. ಆದರೆ ಅದೇ 1994ರಲ್ಲಿ ಟಾಂಜಾನಿಯಾಕ್ಕೂ ಲಕ್ಷಾಂತರ ಜನ ಹೋಗಿದ್ದರು. ಅಲ್ಲಿ ಯುದ್ಧವಾಗಲಿಲ್ಲ. ಜನ ಅದೇ ದೇಶದವರು, ಇಟ್ಟುಕೊಂಡ ಸರ್ಕಾರಗಳು ಬೇರೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ಜನ ಭಾರತಕ್ಕೆ ಬಂದರು. ಅವರು ವಾಪಸ್ ಹೋಗುವಂತೆ ಅಲ್ಲಿ ಪರಿಸ್ಥಿತಿ ಸರಿಯಾಗಬೇಕು ಎಂದು ಭಾರತ ತಿಂಗಳುಗಟ್ಟಲೆ ಕೇಳಿತು. ಡಿಸೆಂಬರಿನ ಯುದ್ಧಕ್ಕೆ ಅದೂ ಒಂದು ದೊಡ್ಡ ಕಾರಣ.

ಇನ್ನು ನಮ್ಮ ಪಕ್ಕದ್ದೇ ಬೈಲಕುಪ್ಪೆ ಇದೆ. ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ 1961ರಿಂದ ಟಿಬೆಟಿಯನ್ನರು ಜೋಳ ಬೆಳೆದುಕೊಂಡು, ಮಕ್ಕಳನ್ನು ಓದಿಸಿಕೊಂಡು ಬಾಳುತ್ತಿದ್ದಾರೆ. ಕುಶಾಲನಗರದ ಸಂತೆಗೆ ಹೋದವರಿಗೆ ಅವರು ನೆರೆಹೊರೆಯವರು, ಅಷ್ಟೇ.

ಲಿಬಿಯಾದಲ್ಲಿ ಗಡಾಫಿ ಬಿದ್ರೆ ಮಾಲಿಯಲ್ಲಿ ಯಾಕೆ ಯುದ್ಧ?

ಸರ್ಕಾರ ಬಿದ್ದಾಗ ಉಗ್ರಾಣಗಳ ಬಾಗಿಲು ತೆರೆಯುತ್ತದೆ. 2011ರಲ್ಲಿ ಗಡಾಫಿಯ ಪಡೆಯಲ್ಲಿದ್ದ, ಸಹಾರಾ ಮರುಭೂಮಿಯ ತುವಾರೆಗ್ ಜನಾಂಗದ ಯೋಧರು ಆಯುಧಗಳ ಸಮೇತ ಮರುಭೂಮಿ ದಾಟಿ ಮಾಲಿಗೆ ಮರಳಿದರು. 2012ರ ಆರಂಭದಲ್ಲಿ ಅಲ್ಲಿ ದಂಗೆ, ಮಾರ್ಚಿನಲ್ಲಿ ಸೈನಿಕ ಕ್ಷಿಪ್ರಕ್ರಾಂತಿ. ಹಿಂದೆಯೇ ಬಂದ ಉಗ್ರ ಗುಂಪುಗಳು ಬುರ್ಕಿನಾ ಫಾಸೊ, ನೈಜರ್‌ಗಳಿಗೂ ಹೋದವು. ಮಾಲಿಗೂ ಲಿಬಿಯಾಕ್ಕೂ ಗಡಿಯೇ ಇಲ್ಲ, ನಡುವೆ ಬೇರೆ ದೇಶಗಳಿವೆ. ಯುದ್ಧ ಮುಗಿಯಿತು ಎಂದು ಘೋಷಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಆಯುಧಗಳನ್ನು ಎಣಿಸಿ ಬೀಗ ಹಾಕುವುದು. ಅದನ್ನು ಅಲ್ಲಿ ಯಾರೂ ಮಾಡಲಿಲ್ಲ.

ಗಡಿಯ ಎರಡೂ ಕಡೆ ಒಂದೇ ಜನ ಇದ್ದರೆ?

ಅಪಾಯ ಹೆಚ್ಚು. ಕುರ್ದರು ಟರ್ಕಿ, ಸಿರಿಯಾ, ಇರಾಕ್, ಇರಾನ್ ನಾಲ್ಕರಲ್ಲೂ ಇದ್ದಾರೆ. 1893ರ ಡ್ಯೂರಾಂಡ್ ಗೆರೆ ಪಶ್ತೂನರನ್ನು ಇಬ್ಭಾಗ ಮಾಡಿತು, ಅಫ್ಘಾನಿಸ್ತಾನ, ಪಾಕಿಸ್ತಾನಗಳ ಜಗಳ ಇವತ್ತಿಗೂ ಅದರ ಮೇಲೇ ಇದೆ. ಆದರೆ ಭಾಷೆ, ಬಂಧುತ್ವ ಒಂದೇ ಆದ ಮಾತ್ರಕ್ಕೆ ಯುದ್ಧವಾಗುವುದಿಲ್ಲ. 'ಅಲ್ಲಿರುವ ನಮ್ಮವರನ್ನು ಕಾಪಾಡುತ್ತೇವೆ' ಎಂದು ಸರ್ಕಾರವೊಂದು ಹೇಳತೊಡಗಿದಾಗ ಎಚ್ಚರವಾಗಬೇಕು.

ಸಣ್ಣ ದೇಶ ಯಾರ ಸಹವಾಸಕ್ಕೂ ಹೋಗದೆ ಸುಮ್ನೆ ಇದ್ದರೆ ಬಚಾವಲ್ವಾ?

ಯಾವಾಗಲೂ ಅಲ್ಲ. 1914ರಲ್ಲಿ ಬೆಲ್ಜಿಯಂ ತಟಸ್ಥವಾಗಿತ್ತು, ಆದರೆ ಜರ್ಮನಿಯಿಂದ ಫ್ರಾನ್ಸಿಗೆ ಹೋಗಲು ಅದು ಸಲೀಸಾದ ದಾರಿ. ಕಾಂಬೋಡಿಯಾ ಕೂಡ ವಿಯೆಟ್ನಾಂ ಯುದ್ಧದಿಂದ ದೂರ ಇರಲು ನೋಡಿತು. ಉತ್ತರ ವಿಯೆಟ್ನಾಂನವರು ಅದರ ನೆಲದ ಮೂಲಕ ಸೈನ್ಯ, ಸಾಮಾನು ಸಾಗಿಸಿದರು, ಅಮೆರಿಕ 1969ರಿಂದ ಗುಟ್ಟಾಗಿ ಬಾಂಬ್ ಹಾಕಿತು. ಸುಮ್ಮನಿರುವುದು ಸಾಲದು. ತನ್ನ ನೆಲವನ್ನು ಬೇರೆಯವರು ಬಳಸದಂತೆ ತಡೆಯುವ ಶಕ್ತಿಯೂ ಇರಬೇಕು. ಸ್ವಿಟ್ಜರ್ಲೆಂಡಿಗೆ ಗುಡ್ಡಗಳೂ ಇದ್ದವು, ಸೈನ್ಯವೂ ಇತ್ತು.

ಎಲ್ಲೋ ಯುದ್ಧ ಆದರೆ ನಮ್ಮ ಕಾಫಿಗೂ ಗೊಬ್ಬರಕ್ಕೂ ಏನು ಸಂಬಂಧ?

ಸೈನ್ಯ ಬರದ ಜಾಗಕ್ಕೂ ಬೆಲೆ ಬರುತ್ತದೆ. ಭಾರತ ತನಗೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನೆಲ್ಲ ಹೊರಗಿಂದ ತರಿಸುತ್ತದೆ. ರಷ್ಯಾ, ಬೆಲಾರೂಸ್ ಅದರ ದೊಡ್ಡ ಮಾರಾಟಗಾರರು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಆ ಗೊಬ್ಬರದ ಬೆಲೆ ಏರಿದ್ದನ್ನು ತೋಟದವರೆಲ್ಲ ಬಲ್ಲರು. ಅಡುಗೆ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು, ಅದು ಜಾಸ್ತಿ ಬರುತ್ತಿದ್ದುದು ಉಕ್ರೇನಿನಿಂದಲೇ.

ನಮ್ಮ ಕಾಫಿಯನ್ನು ಹೆಚ್ಚು ಕೊಳ್ಳುವುದು ಇಟಲಿ. ಕಂಟೇನರುಗಳಿಗೆ ಹತ್ತಿರದ ದಾರಿ ಕೆಂಪು ಸಮುದ್ರ, ಸೂಯೆಜ್ ಕಾಲುವೆ. ಗಾಜಾ ಯುದ್ಧ ಶುರುವಾದ ಮೇಲೆ, 2023ರ ನವೆಂಬರಿನಿಂದ, ಯೆಮೆನಿನ ಹೂತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಮಾಡತೊಡಗಿದರು. ಅನೇಕ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದವು. ಹತ್ತಕ್ಕೂ ಹೆಚ್ಚು ದಿನ ಜಾಸ್ತಿ, ಬಾಡಿಗೆ ಜಾಸ್ತಿ, ವಿಮೆ ಜಾಸ್ತಿ. ಹಾಗಂತ 2024ರಲ್ಲಿ ರೊಬಸ್ಟಾ ಬೆಲೆ ಏರಿದ್ದಕ್ಕೆಲ್ಲ ಯುದ್ಧವೇ ಕಾರಣ ಎಂದುಕೊಳ್ಳಬೇಡಿ. ವಿಯೆಟ್ನಾಂನ ಬರ ಅದರಲ್ಲಿ ದೊಡ್ಡ ಪಾತ್ರ ವಹಿಸಿತ್ತು.

## ತಡೆಯುವ ದಾರಿಗಳು

ಕಾರ್ಗಿಲ್ ಅಲ್ಲೇ ನಿಂತಿತು. 1965 ಯಾಕೆ ಲಾಹೋರ್ ತನಕ ಹೋಯ್ತು?

1965ರ ಆಗಸ್ಟಿನಲ್ಲಿ ಪಾಕಿಸ್ತಾನ ಕಾಶ್ಮೀರಕ್ಕೆ ನುಸುಳುಕೋರರನ್ನು ಕಳಿಸಿತು. ಸೆಪ್ಟೆಂಬರ್ 1ರಂದು ಟ್ಯಾಂಕುಗಳೊಂದಿಗೆ ಅಖ್ನೂರಿನ ಕಡೆ ನುಗ್ಗಿತು. ಅಖ್ನೂರು ಹೋದರೆ ಕಾಶ್ಮೀರದ ಸಂಪರ್ಕವೇ ಕಡಿಯುವ ಭಯ. ಭಾರತ ಕಾಶ್ಮೀರದೊಳಗೇ ಹೊಡೆದಾಡುತ್ತದೆ, ಅಂತರರಾಷ್ಟ್ರೀಯ ಗಡಿ ದಾಟುವುದಿಲ್ಲ ಎಂದು ಪಾಕಿಸ್ತಾನ ಲೆಕ್ಕ ಹಾಕಿತ್ತು. ಸೆಪ್ಟೆಂಬರ್ 6ರಂದು ಭಾರತದ ಸೈನ್ಯ ಲಾಹೋರಿನ ದಾರಿ ಹಿಡಿಯಿತು. ಒತ್ತಡ ಒಂದು ಕಡೆ ತಾಳಲಾಗದಾಗ ಇನ್ನೊಂದು ಕಡೆ ಬಾಗಿಲು ತೆರೆಯುವುದು ಸೈನ್ಯಗಳ ಹಳೆಯ ದಾರಿ.

1999ರಲ್ಲಿ ಎರಡೂ ದೇಶಗಳ ಬಳಿ ಅಣ್ವಸ್ತ್ರವಿತ್ತು. ನಿಯಂತ್ರಣ ರೇಖೆ ದಾಟಬಾರದು ಎಂದು ವಾಜಪೇಯಿ ಸರ್ಕಾರ ಸೈನ್ಯಕ್ಕೂ ವಾಯುಪಡೆಗೂ ಹೇಳಿತು. ಇದಕ್ಕೆ ಬೆಲೆ ತೆತ್ತವರು ಯೋಧರು. ಹಿಂದಿನಿಂದ ಸುತ್ತುವರಿಯುವಂತಿರಲಿಲ್ಲ, ಎದುರಿನಿಂದಲೇ ಕಡಿದಾದ ಬೆಟ್ಟ ಹತ್ತಬೇಕಿತ್ತು. 500ಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟರು. ಆ ಸಂಯಮದಿಂದಲೇ ಜಗತ್ತು ಭಾರತದ ಕಡೆ ನಿಂತಿತು. ಜುಲೈ 4ರಂದು ನವಾಜ್ ಷರೀಫ್ ವಾಷಿಂಗ್ಟನ್ನಿನಲ್ಲಿ ಪಡೆ ವಾಪಸ್ ಕರೆಸಲು ಒಪ್ಪಬೇಕಾಯಿತು. ಸಂಯಮ ಪುಕ್ಕಟೆ ಬರುವುದಿಲ್ಲ ಎನ್ನುವುದನ್ನು ಅದನ್ನು ಹೊಗಳುವ ನಾವು ಮರೆಯಬಾರದು.

ತಪ್ಪು ತಿಳ್ಕೊಂಡು ಯುದ್ಧ ದೊಡ್ಡದಾಗಿದ್ದು ಉಂಟಾ?

ಉಂಟು, ಅದರಲ್ಲಿ ನಮ್ಮ ದೇಶದವರೊಬ್ಬರ ಪಾತ್ರವೂ ಇದೆ. 1950ರ ಅಕ್ಟೋಬರ್ ಆರಂಭದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬೀಜಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿದರು. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೈನ್ಯ ಎರಡು ಕೊರಿಯಾಗಳನ್ನು ಬೇರ್ಪಡಿಸಿದ್ದ 38ನೇ ಅಕ್ಷಾಂಶ ದಾಟಿದರೆ ಚೀನಾ ಇಳಿಯುತ್ತದೆ ಎಂದು ತಿಳಿಸಿದರು. ಪಣಿಕ್ಕರ್ ತಲುಪಿಸಿದರು. ವಾಷಿಂಗ್ಟನ್ ನಂಬಲಿಲ್ಲ, ಬೆದರಿಕೆ ಎಂದುಕೊಂಡಿತು. ಅದೇ ತಿಂಗಳು ಚೀನಾದ ಸೈನ್ಯ ಕೊರಿಯಾಕ್ಕೆ ಬಂತು. ಯುದ್ಧ 1953ರ ತನಕ ಎಳೆಯಿತು.

ಇದಕ್ಕೆ ತದ್ವಿರುದ್ಧ 2022ರ ನವೆಂಬರ್ 15. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನದು ಎನ್ನುವ ಸೈನಿಕ ಕೂಟ ನ್ಯಾಟೋದ ಸದಸ್ಯ ದೇಶ ಪೋಲೆಂಡಿನ ಹಳ್ಳಿಯೊಂದರಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ರಷ್ಯಾದ್ದೇ ಎಂದು ಕೂಗು ಎದ್ದಿತು. ಪೋಲೆಂಡ್, ನ್ಯಾಟೋ ತಾಳ್ಮೆಯಿಂದ ಪರಿಶೀಲಿಸಿದವು. ಅದು ಬಹುಶಃ ಉಕ್ರೇನಿನ ರಕ್ಷಣಾ ಕ್ಷಿಪಣಿ ಎಂದು ಮರುದಿನ ಹೇಳಿದವು. ಆ ಒಂದು ದಿನದ ತಾಳ್ಮೆಯನ್ನು ಯಾರೂ ಹೆಚ್ಚು ನೆನೆಯುವುದಿಲ್ಲ. ನನಗೆ ಅದು ಬಹಳ ದೊಡ್ಡದು.

ವಿಶ್ವಸಂಸ್ಥೆ ಇದ್ದೂ ಏನು ಉಪಯೋಗ?

ದೊಡ್ಡ ದೇಶಗಳೇ ಹೊಡೆದಾಟಕ್ಕೆ ಇಳಿದರೆ ಭದ್ರತಾ ಮಂಡಳಿಯಲ್ಲಿ ವೀಟೋ (ನಿರ್ಣಯವನ್ನು ಒಬ್ಬರೇ ತಡೆಯುವ ಹಕ್ಕು) ಬೀಳುತ್ತದೆ, ಕೈ ಕಟ್ಟುತ್ತದೆ. ಆದರೆ ಹಬ್ಬುವುದನ್ನು ತಡೆಯುವ ಕೆಲಸದಲ್ಲಿ ಅದು ಗೆದ್ದದ್ದೂ ಇದೆ. ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿದ್ದಾಗಲೇ, 1992ರ ಕೊನೆಗೆ, ಮ್ಯಾಸಿಡೋನಿಯಾದ ಗಡಿಯಲ್ಲಿ ಶಾಂತಿಪಾಲಕರನ್ನು ಮುಂಚಿತವಾಗಿ ನಿಲ್ಲಿಸಿದರು. ಅವರು 1999ರ ತನಕ ಇದ್ದರು. ಬೋಸ್ನಿಯಾದ ಯುದ್ಧ ಅಲ್ಲಿಗೆ ಬರಲಿಲ್ಲ. ಬಾರದ ಯುದ್ಧಕ್ಕೆ ಸುದ್ದಿ ಇಲ್ಲ ನೋಡಿ, ಅದಕ್ಕೇ ಈ ಕಥೆ ಯಾರಿಗೂ ಗೊತ್ತಿಲ್ಲ.

ಸೈಪ್ರಸ್‌ನಲ್ಲಿ 1964ರಿಂದ ವಿಶ್ವಸಂಸ್ಥೆಯ ಪಡೆ ಇದೆ. ಅದನ್ನು ಮುನ್ನಡೆಸಿದವರಲ್ಲಿ ನಮ್ಮ ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯ ಒಬ್ಬರು. 1965ರ ಡಿಸೆಂಬರಿನಲ್ಲಿ ಕರ್ತವ್ಯದಲ್ಲಿರುವಾಗಲೇ ಅಲ್ಲಿ ತೀರಿಕೊಂಡರು. 1974ರಲ್ಲಿ ಟರ್ಕಿ ದ್ವೀಪಕ್ಕೆ ನುಗ್ಗುವುದನ್ನು ಆ ಪಡೆ ತಡೆಯಲಾಗಲಿಲ್ಲ. ಆದರೆ ಆ ಜಗಳ ಗ್ರೀಸ್, ಟರ್ಕಿಗಳ ಪೂರ್ಣ ಯುದ್ಧವಾಗಲಿಲ್ಲ.

ಯುದ್ಧದ ಮಧ್ಯೆ ಶತ್ರುಗಳು ಫೋನಲ್ಲಿ ಮಾತಾಡ್ತಾರಂತೆ. ಇದೆಂಥಾ ವಿಚಿತ್ರ?

ಮಾತಾಡಲೇಬೇಕು. 2025ರ ಮೇ 10ರಂದು ಗುಂಡು ನಿಂತದ್ದು ಭಾರತ, ಪಾಕಿಸ್ತಾನ ಎರಡೂ ಸೈನ್ಯಗಳ ಕಾರ್ಯಾಚರಣೆ ಮಹಾನಿರ್ದೇಶಕರ ಫೋನ್ ಮಾತುಕತೆಯ ನಂತರ. ಇನ್ನೊಂದು ಸಂಗತಿ ಕೇಳಿ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ 1988ರಲ್ಲಿ ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಅದಲುಬದಲಾಗುತ್ತದೆ. ಕಾರ್ಗಿಲ್ ಆದ ಮರುವರ್ಷವೂ ಆಯಿತು, 2008ರ ಮುಂಬೈ ದಾಳಿಯಾದ ಮುಂದಿನ ಜನವರಿಯಲ್ಲೂ ಆಯಿತು.

ಚೀನಾದೊಂದಿಗೂ ಇಂಥದ್ದಿದೆ. ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ ಎಂದು 1996ರ ಒಪ್ಪಂದ. 2020ರ ಜೂನ್ 15ರಂದು ಗಲ್ವಾನಿನಲ್ಲಿ ಕಲ್ಲು, ಕಬ್ಬಿಣದ ಸಲಾಕೆ ಹಿಡಿದು ಹೊಡೆದಾಡಿ ನಮ್ಮ 20 ಯೋಧರು ಹುತಾತ್ಮರಾದರು. ಅಂಥ ರಾತ್ರಿಯಲ್ಲೂ ಬಂದೂಕು ಮಾತಾಡಲಿಲ್ಲ.

## ಇನ್ನೂ ಆಳಕ್ಕೆ

ಅಣುಬಾಂಬ್ ಇದ್ದರೆ ಯುದ್ಧವೇ ಆಗಲ್ಲ ಅಂತಿದ್ರು. ಮತ್ತೆ ಮತ್ತೆ ಆಗ್ತಿದೆಯಲ್ಲ?

ದೊಡ್ಡ ಯುದ್ಧದ ಭಯ ಇರುವುದರಿಂದಲೇ ಸಣ್ಣದು ಮಾಡಿದರೆ ಎದುರಾಳಿ ಸಹಿಸಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ಹುಟ್ಟುತ್ತದೆ. 1998ರ ಮೇನಲ್ಲಿ ಭಾರತ, ಪಾಕಿಸ್ತಾನ ಎರಡೂ ದೇಶಗಳು ಅಣು ಪರೀಕ್ಷೆ ಮಾಡಿದವು, ಮರುವರ್ಷವೇ ಕಾರ್ಗಿಲ್. ಅಲ್ಲಿಂದ ಮೆಟ್ಟಿಲುಗಳನ್ನು ಗಮನಿಸಿ. 1999ರಲ್ಲಿ ಭಾರತ ನಿಯಂತ್ರಣ ರೇಖೆ ದಾಟಲಿಲ್ಲ. 2016ರಲ್ಲಿ ಭಾರತದ ವಿಶೇಷ ಪಡೆಗಳು ರೇಖೆ ದಾಟಿದವು. 2019ರಲ್ಲಿ ವಿಮಾನಗಳು ಬಾಲಾಕೋಟ್‌ಗೆ ಹೋದವು. 2025ರ ಮೇ 7ರಂದು ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಒಳಗೂ ಕ್ಷಿಪಣಿ ಬಿದ್ದವು. ಪ್ರತಿ ಸಲವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪ್ರತಿ ಸಲವೂ 'ಗುರಿ ಇಷ್ಟೇ, ಮುಂದೆ ಹೋಗುವ ಉದ್ದೇಶವಿಲ್ಲ' ಎಂದು ಭಾರತ ಮೊದಲ ಗಂಟೆಗಳಲ್ಲೇ ಹೇಳಿದೆ. ಆ ಹೇಳಿಕೆ ಜಗತ್ತಿಗೆ ಎಷ್ಟೋ ಎದುರಾಳಿಗೂ ಅಷ್ಟೇ. ಮುಂದಿನ ಸಲ ಯಾವ ಮೆಟ್ಟಿಲು ಎಂಬುದೇ ನನ್ನ ಚಿಂತೆ, ಏಕೆಂದರೆ ಮೇಲಿನ ಮೆಟ್ಟಿಲುಗಳು ಕಡಿಮೆಯಾಗುತ್ತಿವೆ.

ಯುದ್ಧ ದೊಡ್ಡದಾಗ್ತಿದೆ ಅನ್ನೋದು ಟಿವಿ ಬಿಟ್ಟು ಬೇರೆ ಯಾವುದರಿಂದ ತಿಳಿಯುತ್ತೆ?

2025ರ ಮೇ 8ರ ರಾತ್ರಿ ಕರಾಚಿ ಬಂದರೇ ನಾಶವಾಯಿತು ಎಂದು ಕೆಲವು ವಾಹಿನಿಗಳು ಕೂಗಿದವು. ಹಾಗೇನೂ ಆಗಿರಲಿಲ್ಲ. ಮಗ ಸೈನ್ಯದಲ್ಲಿರುವ ತಾಯಂದಿರು ಆ ರಾತ್ರಿ ಹೇಗೆ ಕಳೆದಿರಬೇಕು ಯೋಚಿಸಿ. ಕೂಗಿದವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮಾತಿಗಿಂತ ಖರ್ಚಾಗುವ ಕೆಲಸಗಳನ್ನು ನೋಡಿ. ರಾಯಭಾರ ಕಚೇರಿಗಳು ಸಿಬ್ಬಂದಿಯ ಕುಟುಂಬಗಳನ್ನು ವಾಪಸ್ ಕಳಿಸುತ್ತಿವೆಯೇ? ವಿಮಾನ ನಿಲ್ದಾಣಗಳು ಮುಚ್ಚುತ್ತಿವೆಯೇ? ಆ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ನಿಲ್ದಾಣಗಳು ಮುಚ್ಚಿದ್ದವು. ಹಡಗಿನ ವಿಮೆ ಏರಿದೆಯೇ? ರಜೆಯಲ್ಲಿರುವ ಯೋಧರಿಗೆ ಕರೆ ಬಂದಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ ಆಸ್ಪತ್ರೆ, ರಕ್ತ. 2022ರ ಜನವರಿ ಕೊನೆಗೆ ರಷ್ಯಾ ಉಕ್ರೇನ್ ಗಡಿಯ ಹತ್ತಿರಕ್ಕೆ ರಕ್ತದ ದಾಸ್ತಾನು ಸಾಗಿಸುತ್ತಿದೆ ಎಂದು ಅಮೆರಿಕದ ಅಧಿಕಾರಿಗಳು ಹೇಳಿದ್ದರು. ಬರೀ ಸೇನಾ ಅಭ್ಯಾಸ ಎಂದು ರಷ್ಯಾ ಹೇಳುತ್ತಿದ್ದ ದಿನಗಳವು. ಅಭ್ಯಾಸಕ್ಕೆ ಅಷ್ಟು ರಕ್ತ ಬೇಕಾಗುವುದಿಲ್ಲ.

ಪಾಕಿಸ್ತಾನದ ಜೊತೆ ಯುದ್ಧ ಆದರೆ ಚೀನಾನೂ ಬರುತ್ತಾ?

ನಿವೃತ್ತ ಯೋಧರು ನನ್ನನ್ನು ಹೆಚ್ಚು ಕೇಳುವುದು ಇದನ್ನೇ. ಹಿಂದೆ ಏನಾಯಿತು ನೋಡೋಣ. 1965ರ ಸೆಪ್ಟೆಂಬರ್ ಮಧ್ಯದಲ್ಲಿ ಚೀನಾ ಸಿಕ್ಕಿಂ ಗಡಿಯ ವಿಷಯ ಎತ್ತಿ ಭಾರತಕ್ಕೆ ಗಡುವು ಕೊಟ್ಟಿತು. ಗಡುವು ಮುಗಿಯಿತು, ಯುದ್ಧಕ್ಕೆ ಇಳಿಯಲಿಲ್ಲ. 1971ರಲ್ಲಿ ಭಾರತ ಮೊದಲೇ ತಯಾರಿ ಮಾಡಿತು. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡಿತು. ಹಿಮಾಲಯದ ಕಣಿವೆ ದಾರಿಗಳು ಹಿಮದಲ್ಲಿ ಮುಚ್ಚುವ ಚಳಿಗಾಲದ ತನಕ ಸೈನ್ಯ ಕಾದಿತು. ಡಿಸೆಂಬರ್ 3ಕ್ಕೆ ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತು, 16ಕ್ಕೆ ಢಾಕಾದಲ್ಲಿ ಶರಣಾಯಿತು. ಅಮೆರಿಕ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಅನ್ನು ಬಂಗಾಳ ಕೊಲ್ಲಿಗೆ ಕಳಿಸಿತು, ಆದರೆ ಹೋರಾಟಕ್ಕೆ ಇಳಿಯಲಿಲ್ಲ. ಚೀನಾ ಖಂಡಿಸಿತು, ಗಡಿ ದಾಟಲಿಲ್ಲ. ಮೂರನೆಯವರನ್ನು ದೂರ ಇಡುವುದಕ್ಕೂ ರಣತಂತ್ರದಷ್ಟೇ ಕೆಲಸ ಬೇಕು ಎನ್ನಲು ನಮ್ಮ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಈಗ ಪರಿಸ್ಥಿತಿ ಬೇರೆ. ಚೀನಾ ಪಾಕಿಸ್ತಾನಕ್ಕೆ ಯುದ್ಧವಿಮಾನ, ಕ್ಷಿಪಣಿ ಮಾರುತ್ತದೆ. ಅದರ ಹಣದಲ್ಲಿ ಕಟ್ಟಿದ ರಸ್ತೆ ಪಾಕಿಸ್ತಾನದ ಹಿಡಿತದಲ್ಲಿರುವ ಗಿಲ್ಗಿಟ್ ಮೂಲಕ ಹೋಗುತ್ತದೆ. 2025ರ ಮೇ ತಿಂಗಳ ಹೋರಾಟದಲ್ಲಿ ನಮ್ಮ ಪಡೆಗಳ ಚಲನವಲನದ ಮಾಹಿತಿ ಚೀನಾದಿಂದ ಪಾಕಿಸ್ತಾನಕ್ಕೆ ಆಗಿಂದಾಗಲೇ ಸಿಗುತ್ತಿತ್ತು ಎಂದು ಭೂಸೇನೆಯ ಉಪ ಮುಖ್ಯಸ್ಥರೇ ಆ ವರ್ಷದ ಜುಲೈನಲ್ಲಿ ಬಹಿರಂಗವಾಗಿ ಹೇಳಿದರು. ಹಾಗಾಗಿ 'ಚೀನಾ ಬರುತ್ತಾ' ಎನ್ನುವುದಕ್ಕೆ ನನ್ನ ಉತ್ತರ: ಸೈನಿಕರನ್ನು ಕಳಿಸುವ ಸಾಧ್ಯತೆ ಕಡಿಮೆ, ಉಪಗ್ರಹದ ಕಣ್ಣು ಮತ್ತು ಆಯುಧಗಳ ಮೂಲಕ ಈಗಾಗಲೇ ಬಂದಿದೆ. 2024ರ ಅಕ್ಟೋಬರಿನಲ್ಲಿ ಲಡಾಖ್ ಗಡಿಯ ಡೆಪ್ಸಾಂಗ್, ಡೆಮ್‌ಚೋಕ್ ಗಸ್ತಿನ ಬಗ್ಗೆ ಚೀನಾದೊಂದಿಗೆ ಆದ ಮಾತುಕತೆಯನ್ನು ಅದಕ್ಕೇ ನಾನು ಪಾಕಿಸ್ತಾನದ ಪಾಠದಲ್ಲೂ ಸೇರಿಸಿ ಹೇಳುತ್ತೇನೆ. ಆ ಗಡಿ ಎಷ್ಟು ತಣ್ಣಗಿರುತ್ತದೋ ಈ ಗಡಿಯ ಜಗಳ ಅಷ್ಟರ ಮಟ್ಟಿಗೆ ಇಬ್ಬರದ್ದೇ ಆಗಿ ಉಳಿಯುತ್ತದೆ.